ಸದನದ ಮಾತಿಗೂ ಪಾಸ್‌ಬುಕ್ ಉಂಟು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದಾರೆ. ಹೊರನಾಡಿನ ಕನ್ನಡ ಸಂಘ-ಸಂಸ್ಥೆಗಳ ವೇದಿಕೆಯಲ್ಲಿ ಗಣ್ಯರು ಆಡುವ ಮಾತಿನ ಮಟ್ಟಿಗೆ ಇದು ನೂರಕ್ಕೆ ನೂರು ಸತ್ಯ. ವಾರ್ಷಿಕೋತ್ಸವಕ್ಕೆ ಸಂಸದರು ಮುಖ್ಯ ಅತಿಥಿಗಳಾಗಿ ಆಗಮಿಸುತ್ತಾರೆ. ಶಾಲು, ಹಾರ, ಫಲಪುಷ್ಪ, ಸ್ಮರಣಿಕೆಗಳ ಗೌರವ ಸ್ವೀಕರಿಸುತ್ತಾರೆ. ಕನ್ನಡ ಭವನಕ್ಕೆ ಜಾಗ, ಊರಿಗೆ ಇನ್ನೊಂದು ರೈಲು, ತುಳುವಿಗೆ ಸಂವಿಧಾನದ ಮಾನ್ಯತೆ ಎಂದು ಭರವಸೆಗಳನ್ನು ನೀಡುತ್ತಾರೆ. ಚಪ್ಪಾಳೆ ಬೀಳುತ್ತದೆ. ಮರುದಿನ ಪತ್ರಿಕೆಯಲ್ಲಿ ಫೋಟೋ ಬರುತ್ತದೆ. ಮಾತು ಅಲ್ಲಿಗೆ ಮುಗಿಯುತ್ತದೆ.

ಆದರೆ ಅದೇ ಸಂಸದರು ದೆಹಲಿಯ ಸದನದಲ್ಲಿ ಎದ್ದು ನಿಂತು ಆಡಿದ ಮಾತು ಹಾಗೆ ಗಾಳಿಗೆ ಹೋಗುವುದಿಲ್ಲ. ಅದನ್ನು ಬರೆದುಕೊಳ್ಳಲು ಜನ ಇದ್ದಾರೆ. ದಿನಾಂಕ, ಹೆಸರು, ವಿಷಯ ಸಹಿತ ಅದು ಕಡತ ಸೇರುತ್ತದೆ. ಬ್ಯಾಂಕಿನ ಕೌಂಟರಿನಲ್ಲಿ ಬಾಯಿಮಾತಿನ ಜಮೆ ಎಂಬುದಿಲ್ಲ; ಪಾಸ್‌ಬುಕ್ಕಿನಲ್ಲಿ ಎಂಟ್ರಿ ಬಿದ್ದರೆ ಮಾತ್ರ ಜಮೆ. ಜನಪ್ರತಿನಿಧಿಯ ಮಾತಿಗೂ ಅಂಥ ಒಂದು ಪಾಸ್‌ಬುಕ್ ಉಂಟು, ಅದನ್ನು ಯಾವ ಮತದಾರನೂ ತೆರೆದು ನೋಡಬಹುದು ಎಂಬ ವಿಚಾರ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಗೊತ್ತು ಎಂಬುದೇ ಇಂದಿನ ಪ್ರಶ್ನೆ.

ಈ ಪ್ರಶ್ನೆಗೆ ಕಾಶಿಯ ಶಿವಾಲಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ಮುಂಬಯಿ, ಪುಣೆಗಳಿಂದ ಕಾಶಿಯಾತ್ರೆಗೆ ಹೋದ ಕನ್ನಡಿಗರಿಗೆ ಆ ಭಾಗ ಹೊಸದಲ್ಲ. ಗಂಗೆಯ ದಂಡೆಯಲ್ಲಿ ಶಿವಾಲ ಘಾಟ್, ಚೇತ್‌ಸಿಂಗ್ ಘಾಟ್, ಹನುಮಾನ್ ಘಾಟ್‌ಗಳು ಸಾಲಾಗಿವೆ. ಅಲ್ಲೇ ಹರಿಶ್ಚಂದ್ರ ಘಾಟ್‌ಗೆ ಹೋಗುವ ದಾರಿಯಲ್ಲಿ ಮೈಸೂರು ಸಂಸ್ಥಾನದ ಕಾಲದ ಕರ್ನಾಟಕ ಘಾಟ್ ಇದೆ. ಈ ಪ್ರದೇಶದ ಗಲ್ಲಿಗಳಲ್ಲಿ ದಕ್ಷಿಣದಿಂದ ಬಂದು ನೆಲೆಸಿದ ಕುಟುಂಬಗಳಿವೆ. ಸ್ವಲ್ಪ ಮುಂದೆ ಹೋದರೆ ವೀರಶೈವರ ಜಂಗಮವಾಡಿ ಮಠ. ಕಾಶಿಯ ಕನ್ನಡಿಗ ಊರಿನಿಂದ ಎಷ್ಟೇ ದೂರವಿರಲಿ, ಕನ್ನಡದ ಗುರುತು ಅವನಿಂದ ದೂರವಿಲ್ಲ.

ಶಿವಾಲದ ಕೋಟೆ ಮತ್ತು ಲಂಡನ್ನಿನ ಸದನ

ಇಲ್ಲಿನ ಕೋಟೆಯಂಥ ಅರಮನೆಯಲ್ಲಿ 1781ರ ಆಗಸ್ಟ್ 16ರಂದು ನಡೆದ ಘಟನೆ ಸಂಸತ್ತಿನ ಇತಿಹಾಸಕ್ಕೆ ಸೇರಿದೆ. ಆಗ ಗವರ್ನರ್ ಜನರಲ್ ಆಗಿದ್ದವರು ವಾರನ್ ಹೇಸ್ಟಿಂಗ್ಸ್. ಕಂಪನಿಯ ಯುದ್ಧ ಖರ್ಚಿಗೆಂದು ಕಾಶಿಯ ರಾಜ ಚೇತ್‌ಸಿಂಗ್‌ನಿಂದ ಗೊತ್ತುಪಡಿಸಿದ ಕಪ್ಪವಲ್ಲದೆ 1778ರಿಂದ ವರ್ಷಕ್ಕೆ 5 ಲಕ್ಷ ರೂಪಾಯಿ ಹೆಚ್ಚುವರಿಯಾಗಿ ಕೇಳಲಾಯಿತು. ಅದರ ಮೇಲೆ ಕುದುರೆ ಸವಾರರನ್ನು ಕಳಿಸಬೇಕೆಂದು ಹುಕುಂ ಆಯಿತು. ರಾಜ ತಡಮಾಡಿದಾಗ ಹೇಸ್ಟಿಂಗ್ಸ್ ಸ್ವತಃ ಕಾಶಿಗೆ ಬಂದು ಅವನನ್ನು ಶಿವಾಲದ ಅರಮನೆಯಲ್ಲೇ ಬಂಧನದಲ್ಲಿಟ್ಟರು. ಕಾವಲಿಗಿದ್ದ ಸಿಪಾಯಿಗಳ ಬಳಿ ಮದ್ದುಗುಂಡು ಇರಲಿಲ್ಲ. ರಾಮನಗರದ ಕಡೆಯಿಂದ ಬಂದ ರಾಜನ ಜನ ಅವರನ್ನು ಕೊಂದರು. ಆ ಗೊಂದಲದಲ್ಲಿ ಚೇತ್‌ಸಿಂಗ್ ಪಗಡಿಗಳನ್ನು ಹಗ್ಗದಂತೆ ಕಟ್ಟಿ, ಕಿಟಕಿಯಿಂದ ಗಂಗೆಗೆ ಇಳಿದು ದೋಣಿಯಲ್ಲಿ ಪಾರಾದ. ಹೇಸ್ಟಿಂಗ್ಸ್ ಚುನಾರ್ ಕೋಟೆಗೆ ಓಡಬೇಕಾಯಿತು.

ಈ ಪ್ರಕರಣ ಐದು ವರ್ಷಗಳ ನಂತರ ಬ್ರಿಟಿಷ್ ಸಂಸತ್ತಿನ ಕಾಮನ್ಸ್ ಸಭೆಗೆ ಬಂತು. 1786ರ ಜೂನ್ 13ರಂದು ಚಾರ್ಲ್ಸ್ ಜೇಮ್ಸ್ ಫಾಕ್ಸ್ ಬನಾರಸ್ ಆರೋಪವನ್ನು ಮಂಡಿಸಿದರು. ಹೇಸ್ಟಿಂಗ್ಸ್ ಪರ ನಿಲ್ಲುತ್ತಾರೆಂದು ಎಲ್ಲರೂ ಎಣಿಸಿದ್ದ ಪ್ರಧಾನಿ ವಿಲಿಯಂ ಪಿಟ್, ರಾಜನಿಗೆ ಹಾಕಬೇಕೆಂದಿದ್ದ ದಂಡ ಮಿತಿಮೀರಿದ್ದು ಎಂದು ಆರೋಪದ ಪರ ನಿಂತರು. 119 ಮತಗಳು ಪರ, 79 ವಿರುದ್ಧ. 1788ರ ಫೆಬ್ರವರಿ 13ರಂದು ಆರಂಭವಾದ ಮಹಾಭಿಯೋಗದ ವಿಚಾರಣೆ 1795ರ ಏಪ್ರಿಲ್ 23ರವರೆಗೆ ಎಳೆಯಿತು. ಕೊನೆಗೆ ಹೇಸ್ಟಿಂಗ್ಸ್ ಖುಲಾಸೆಯಾದರು. ನ್ಯಾಯ ಸಿಕ್ಕಿತೋ ಇಲ್ಲವೋ ಎಂಬುದು ಬೇರೆ ಮಾತು. ಶಿವಾಲದ ಒಂದು ಕಿಟಕಿಯ ಕಥೆಯನ್ನು ಯಾರು ಹೇಗೆ ವಾದಿಸಿದರು, ಯಾರು ಯಾವ ಕಡೆ ನಿಂತರು ಎಂಬುದು ಇಂದಿಗೂ ಓದಲು ಸಿಗುತ್ತದೆ. ವಿಚಾರಣೆಯ ಮಾತುಗಳನ್ನು ಗರ್ನಿ ಎಂಬ ಶೀಘ್ರಲಿಪಿಕಾರರು ಬರೆದಿಟ್ಟುಕೊಂಡದ್ದೇ ಅದಕ್ಕೆ ಕಾರಣ.

ಇದಕ್ಕೆ ತದ್ವಿರುದ್ಧವಾದ ಉದಾಹರಣೆಯೂ ಇದೇ ಪ್ರಕರಣದಲ್ಲಿದೆ. ಅವಧದ ಬೇಗಮರಿಗಾದ ಅನ್ಯಾಯದ ಬಗ್ಗೆ ಶೆರಿಡನ್ 1787ರ ಫೆಬ್ರವರಿಯಲ್ಲಿ ಕಾಮನ್ಸ್ ಸಭೆಯಲ್ಲಿ ಮಾಡಿದ ಭಾಷಣವನ್ನು ಕೇಳಿದವರೆಲ್ಲ ಅದ್ಭುತವೆಂದು ಹೊಗಳಿದರು. ಆದರೆ ಅದನ್ನು ಪೂರ್ತಿಯಾಗಿ ಬರೆದಿಟ್ಟವರಿಲ್ಲ. ಉಳಿದದ್ದು ಸಾರಾಂಶ ಮಾತ್ರ. ಆ ಕಾಲದಲ್ಲಿ ಸದನದ ಮಾತನ್ನು ಅಧಿಕೃತವಾಗಿ ದಾಖಲಿಸುವ ಪದ್ಧತಿಯೇ ಇರಲಿಲ್ಲ. 1771ರವರೆಗೆ ಅದನ್ನು ಪತ್ರಿಕೆಯಲ್ಲಿ ಮುದ್ರಿಸಿದವರನ್ನು ಸದನದ ಹಕ್ಕುಚ್ಯುತಿ ಎಂದು ಶಿಕ್ಷೆಗೆ ಎಳೆಯುತ್ತಿದ್ದರು. ಎಷ್ಟು ದೊಡ್ಡ ಮಾತಾದರೇನು, ಬರೆದಿಡದಿದ್ದರೆ ಒಡೆದ ಮುತ್ತೇ ಸರಿ.

ಭಾರತದಲ್ಲಿ ಬೆಳೆದ ಬಗೆ

ಭಾರತದಲ್ಲಿ ಶಾಸನಸಭೆಯ ಸದಸ್ಯರು ಸರಕಾರಕ್ಕೆ ಪ್ರಶ್ನೆ ಕೇಳುವ ಹಕ್ಕು ಬಂದದ್ದು 1892ರ ಕಾಯ್ದೆಯಿಂದ. ಉತ್ತರದ ಮೇಲೆ ಮರುಪ್ರಶ್ನೆ ಹಾಕಲು 1909ರ ಸುಧಾರಣೆಯವರೆಗೆ ಕಾಯಬೇಕಾಯಿತು. ಕನ್ನಡ ನಾಡಿನಲ್ಲಿ ಇದಕ್ಕೆ ಇನ್ನೊಂದು ಪರಂಪರೆಯೂ ಇದೆ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರ ದಸರಾ ಸಂದರ್ಭ, ಮೈಸೂರು ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ರೈತರು, ವರ್ತಕರು ಸಂಸ್ಥಾನದ ದಿವಾನರೆದುರು ನಿಂತು ತಮ್ಮ ತಾಲೂಕಿನ ಕಷ್ಟ ಹೇಳುವ ಅವಕಾಶ ಪಡೆದರು. ಜನರ ಮಾತಿಗೆ ಕಡತದಲ್ಲಿ ಜಾಗ ಕೊಡಬೇಕೆಂಬ ಬುದ್ಧಿ ಕನ್ನಡಿಗರಿಗೆ ಹೊಸದಾಗಿ ಬಂದದ್ದಲ್ಲ.

ಕಾಶಿ ಮತ್ತು ಮೈಸೂರು ಎರಡೂ ಕೂಡಿ ಬರುವ ಒಂದು ಕಡತವೂ ಇದೆ. ಪಂಡಿತ ಮದನ ಮೋಹನ ಮಾಳವೀಯರ ಕನಸಾದ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮಸೂದೆ 1915ರಲ್ಲಿ ಇಂಪೀರಿಯಲ್ ಶಾಸನ ಪರಿಷತ್ತಿನ ಮುಂದೆ ಬಂದು, ಅಕ್ಟೋಬರ್ 1ರಂದು ಕಾಯ್ದೆಯಾಯಿತು. ಆ ವಿಶ್ವವಿದ್ಯಾಲಯದ ಮೊದಲ ಕುಲಪತಿಗಳು ಮೈಸೂರಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್. ಅರ್ಧ ಶತಮಾನದ ನಂತರ, 1965ರಲ್ಲಿ, ಅದೇ ವಿಶ್ವವಿದ್ಯಾಲಯದ ಹೆಸರಿನಿಂದ ‘ಹಿಂದೂ’ ಪದವನ್ನು ತೆಗೆಯುವ ವಿಚಾರ ಸ್ವತಂತ್ರ ಭಾರತದ ಸಂಸತ್ತಿನಲ್ಲಿ ಚರ್ಚೆಗೆ ಬಂತು. ಭಾರೀ ವಿರೋಧ ಎದ್ದು ಹೆಸರು ಹಾಗೆಯೇ ಉಳಿಯಿತು. ಈ ಎರಡೂ ಚರ್ಚೆಗಳ ನಡಾವಳಿ ಮುದ್ರಿತವಾಗಿದೆ. ಯಾರೋ ಹೇಳಿದ ಕಥೆಯನ್ನು ನಂಬುವ ಬದಲು ಯಾರು ಏನೆಂದರು ಎಂದು ನೇರವಾಗಿ ಓದಬಹುದು.

ಸದನದ ಮಾತನ್ನು ಜನರಿಗೆ ಮುಟ್ಟಿಸುವ ಹಕ್ಕು ಸಹ ಸುಲಭವಾಗಿ ದಕ್ಕಿದ್ದಲ್ಲ. ಸದಸ್ಯರಿಗೆ ಸದನದಲ್ಲಿ ಮಾತಾಡುವ ಸ್ವಾತಂತ್ರ್ಯವನ್ನು ಸಂವಿಧಾನದ 105ನೇ ವಿಧಿ ಕೊಟ್ಟಿತು. ಆದರೆ ಅದನ್ನು ಯಥಾವತ್ತಾಗಿ ವರದಿ ಮಾಡಿದ ಪತ್ರಿಕೆಗೆ ರಕ್ಷಣೆ ಸಿಕ್ಕಿದ್ದು ಫಿರೋಜ್ ಗಾಂಧಿ ಅವರ ಖಾಸಗಿ ಮಸೂದೆ 1956ರಲ್ಲಿ ಕಾಯ್ದೆಯಾದ ಮೇಲೆ. ತುರ್ತುಪರಿಸ್ಥಿತಿಯಲ್ಲಿ ಆ ಕಾಯ್ದೆಯನ್ನೇ ರದ್ದು ಮಾಡಲಾಯಿತು. 1977ರಲ್ಲಿ ಅದು ಮರಳಿ ಬಂತು. ಮರುವರ್ಷ 44ನೇ ತಿದ್ದುಪಡಿಯ ಮೂಲಕ ಸಂವಿಧಾನದಲ್ಲೇ ಸ್ಥಾನ ಪಡೆಯಿತು. ದಾಖಲೆ ಓದುವ ಹಕ್ಕಿನ ಬೆಲೆ ಏನೆಂದು ತಿಳಿಯಲು ಇಷ್ಟು ಸಾಕು.

ಕನ್ನಡದ ಮಾತು ಎಲ್ಲಿ ಹೋಯಿತು?

ಇಲ್ಲಿ ಕನ್ನಡಿಗರು ಮನಸ್ಸಿಗೆ ಹಚ್ಚಿಕೊಳ್ಳಬೇಕಾದ ವಿಚಾರವೊಂದಿದೆ. ಸಂವಿಧಾನದ 120ನೇ ವಿಧಿಯಂತೆ ಸಂಸತ್ತಿನ ವ್ಯವಹಾರ ಹಿಂದಿ ಅಥವಾ ಇಂಗ್ಲಿಷಿನಲ್ಲಿ. ಆ ಎರಡರಲ್ಲಿ ಸಮರ್ಪಕವಾಗಿ ಹೇಳಿಕೊಳ್ಳಲಾಗದ ಸದಸ್ಯರಿಗೆ ಮಾತೃಭಾಷೆಯಲ್ಲಿ ಮಾತಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದು. ಕನ್ನಡಕ್ಕೆ ಆ ಬಾಗಿಲು ತೆರೆದವರು ಜೆ. ಎಚ್. ಪಟೇಲರು. 1967ರ ಚುನಾವಣೆಯಲ್ಲಿ ಶಿವಮೊಗ್ಗದಿಂದ ಆರಿಸಿ ಹೋದ ಈ ಸಮಾಜವಾದಿ, ಲೋಕಸಭೆಯಲ್ಲಿ ಎದ್ದು ಕನ್ನಡದಲ್ಲೇ ಮಾತಾಡಿದರು. ಆಗ ಸಭಾಧ್ಯಕ್ಷ ಪೀಠದಲ್ಲಿ ನೀಲಂ ಸಂಜೀವ ರೆಡ್ಡಿ ಇದ್ದರು. ಮುಂದೆ 1996ರಲ್ಲಿ ಪಟೇಲರು ಕರ್ನಾಟಕದ ಮುಖ್ಯಮಂತ್ರಿಯಾದಾಗಲೂ ಜನ ಅವರನ್ನು ಲೋಕಸಭೆಯಲ್ಲಿ ಮೊದಲು ಕನ್ನಡ ನುಡಿದವರೆಂದೇ ನೆನೆಯುತ್ತಿದ್ದರು.

ಆದರೆ ಲೋಕಸಭೆಯ ಮುದ್ರಿತ ನಡಾವಳಿಯಲ್ಲಿ ಕನ್ನಡ ಭಾಷಣ ಹೇಗೆ ಕಾಣಿಸುತ್ತದೆ? ಇಂಗ್ಲಿಷಿನಲ್ಲಿ ಆಡಿದ್ದು ಇಂಗ್ಲಿಷಿನಲ್ಲೇ, ಹಿಂದಿಯಲ್ಲಿ ಆಡಿದ್ದು ದೇವನಾಗರಿಯಲ್ಲೇ ಅಚ್ಚಾಗುತ್ತದೆ. ಕನ್ನಡದಲ್ಲಿ ಆಡಿದ್ದು ಸಾಮಾನ್ಯವಾಗಿ ಇಂಗ್ಲಿಷ್ ಅನುವಾದವಾಗಿ ಬರುತ್ತದೆ. ಮೂಲ ಭಾಷಣ ಕನ್ನಡದಲ್ಲಿತ್ತು ಎಂಬ ಟಿಪ್ಪಣಿ ಜೊತೆಗಿರುತ್ತದೆ. ಅನುವಾದದಲ್ಲಿ ವಿಷಯ ಉಳಿಯುತ್ತದೆ, ನುಡಿ ಉಳಿಯುವುದಿಲ್ಲ. ಗಾದೆ, ವ್ಯಂಗ್ಯ, ಬಯಲುಸೀಮೆಯ ಅಥವಾ ಕರಾವಳಿಯ ಮಾತಿನ ಧಾಟಿ ಎಲ್ಲವೂ ಕಚೇರಿಯ ಇಂಗ್ಲಿಷಿಗೆ ಇಳಿದು ಚಪ್ಪಟೆಯಾಗುತ್ತದೆ. ಶೆರಿಡನ್ ಭಾಷಣದ ಸಾರಾಂಶ ಮಾತ್ರ ಉಳಿದದ್ದನ್ನು ಇಂಗ್ಲಿಷರು ಇನ್ನೂ ಹೇಳಿಕೊಂಡು ಕೊರಗುತ್ತಾರೆ. ಕನ್ನಡದ ಸಂಸದರ ಮಾತಿಗೆ ಅದೇ ಗತಿಯಾದರೆ ಕೊರಗುವವರು ಯಾರು?

ದೃಶ್ಯ ಮಾಧ್ಯಮದಿಂದ ಸ್ವಲ್ಪ ಸಮಾಧಾನ ದೊರೆತಿದೆ. 2006ರ ಜುಲೈಯಲ್ಲಿ ಲೋಕಸಭಾ ಟಿವಿ ಆರಂಭವಾಯಿತು. 2021ರ ಸೆಪ್ಟೆಂಬರ್‌ನಲ್ಲಿ ಅದು ರಾಜ್ಯಸಭಾ ಟಿವಿಯೊಂದಿಗೆ ಕೂಡಿ ಸಂಸದ್ ಟಿವಿಯಾಯಿತು. ಆದ್ದರಿಂದ ಇತ್ತೀಚಿನ ವರ್ಷಗಳ ಕನ್ನಡ ಭಾಷಣ ದನಿಯಾಗಿಯಾದರೂ ಉಳಿದಿದೆ. 1964ರಲ್ಲಿ ಹಿಂದಿ-ಇಂಗ್ಲಿಷ್ ನಡುವೆ ಆರಂಭವಾದ ತತ್‌ಕ್ಷಣದ ಭಾಷಾಂತರದ ಸೌಲಭ್ಯ ಈಗ ಕನ್ನಡಕ್ಕೂ ಇದೆ. 2018ರಲ್ಲಿ ರಾಜ್ಯಸಭೆಯು 22 ಭಾಷೆಗಳಿಗೂ ಅದನ್ನು ವಿಸ್ತರಿಸಿತು. 2025ರ ಮಾರ್ಚಿಯಲ್ಲಿ ಲೋಕಸಭಾ ಸಚಿವಾಲಯ ಯಂತ್ರಾನುವಾದಕ್ಕಾಗಿ ‘ಸಂಸದ್ ಭಾಷಿಣಿ’ ಎಂಬ ಒಪ್ಪಂದಕ್ಕೂ ಸಹಿ ಹಾಕಿದೆ. ಇವೆಲ್ಲ ಸ್ವಾಗತಾರ್ಹ. ಆದರೂ ಕನ್ನಡದಲ್ಲಿ ಆಡಿದ ಮಾತು ಕನ್ನಡ ಲಿಪಿಯಲ್ಲೇ ನಡಾವಳಿಯಲ್ಲಿ ಅಚ್ಚಾಗಬೇಕು, ಕನ್ನಡದ ಪದ ಹಾಕಿ ಹುಡುಕಿದರೆ ಅದು ಸಿಗಬೇಕು ಎಂಬ ಬೇಡಿಕೆಯನ್ನು ಕರ್ನಾಟಕದ 28 ಲೋಕಸಭಾ ಸದಸ್ಯರು ಮತ್ತು 12 ರಾಜ್ಯಸಭಾ ಸದಸ್ಯರು ಪಕ್ಷಭೇದ ಮರೆತು ಮುಂದಿಡಬೇಕಾದ ಅಗತ್ಯವಿದೆ. ಗಡಿಯಾಚೆಯ ಶಾಸಕರಿಂದಲೂ ಕಲಿಯುವುದಿದೆ. ಮಂಜೇಶ್ವರದ ಎ. ಕೆ. ಎಂ. ಅಶ್ರಫ್ 2021ರಲ್ಲಿ ಕೇರಳ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣ ವಚನ ಸ್ವೀಕರಿಸಿದರು.

ಹುಡುಕುವ ಕ್ರಮ

ಇನ್ನು ಈ ಪಾಸ್‌ಬುಕ್ಕನ್ನು ತೆರೆಯುವುದು ಹೇಗೆ? ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿದರೆ 10 ರೂಪಾಯಿ ಶುಲ್ಕ, 30 ದಿನಗಳ ಕಾಯುವಿಕೆ. ಸಂಸತ್ತಿನ ನಡಾವಳಿಗೆ ಅರ್ಜಿಯೂ ಬೇಡ, ಶುಲ್ಕವೂ ಬೇಡ. ಸಂಸತ್ತಿನ ಡಿಜಿಟಲ್ ಗ್ರಂಥಾಲಯದಲ್ಲಿ 1952ರ ಮೊದಲ ಲೋಕಸಭೆಯಿಂದ ಇಂದಿನವರೆಗಿನ ಚರ್ಚೆಗಳಿವೆ. ಸಂವಿಧಾನ ರಚನಾ ಸಭೆಯದ್ದು ಮತ್ತು ಬ್ರಿಟಿಷರ ಕಾಲದ ಶಾಸನಸಭೆಗಳದ್ದೂ ಇವೆ. ರಾಜ್ಯಸಭೆಯ ಚರ್ಚೆಗಳಿಗೆ ಪ್ರತ್ಯೇಕ ಭಂಡಾರವಿದೆ. ಸದಸ್ಯರ ಹೆಸರು, ದಿನಾಂಕ, ಅಧಿವೇಶನ, ವಿಷಯ, ಇಲಾಖೆ ಇವುಗಳಲ್ಲಿ ಯಾವುದು ಗೊತ್ತಿದ್ದರೂ ಹುಡುಕಲು ಸಾಧ್ಯ.

ಆದರೆ ಕೆಲವು ಸೂಕ್ಷ್ಮಗಳನ್ನು ತಿಳಿದಿರಬೇಕು. ಊರಿನ ಹೆಸರು ಬದಲಾಗಿರುತ್ತದೆ. ಕಾಶಿಗೆ ವಾರಾಣಸಿ ಎಂಬ ಹೆಸರು ಅಧಿಕೃತವಾದದ್ದು 1956ರ ಮೇ 24ರಂದು. ಅದಕ್ಕೆ ಹಿಂದಿನ ಕಡತದಲ್ಲಿ ಬನಾರಸ್ ಅಥವಾ ಬೆನಾರೆಸ್ ಎಂದೇ ಹುಡುಕಬೇಕು. ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ರಂದು, ಹಿಂದಿನದೆಲ್ಲ ಮೈಸೂರು. ಶಿವಮೊಗ್ಗ, ಬೆಳಗಾವಿ, ಕಲಬುರಗಿಗಳು 2014ರ ನವೆಂಬರ್‌ವರೆಗೆ ಇಂಗ್ಲಿಷ್ ಕಾಗುಣಿತದಲ್ಲಿ ಶಿಮೋಗ, ಬೆಲ್ಗಾಂ, ಗುಲ್ಬರ್ಗಾ. ಹಳೆಯ ಇಂಗ್ಲಿಷ್ ಕಡತಗಳಲ್ಲಿ ಕನ್ನಡ ಭಾಷೆಯೇ ಕೆನರೀಸ್ ಎಂಬ ವೇಷದಲ್ಲಿರುತ್ತದೆ. ಹಳೆಯ ಸಂಪುಟಗಳು ಪುಟಗಳ ಫೋಟೋ ಪ್ರತಿಗಳಾದ್ದರಿಂದ ಯಂತ್ರ ಕೆಲವು ಅಕ್ಷರಗಳನ್ನು ತಪ್ಪಾಗಿ ಓದಿರುತ್ತದೆ. ಹಿಂದಿಯಲ್ಲಿ ಆಡಿದ ಮಾತನ್ನು ದೇವನಾಗರಿಯಲ್ಲಿ ಟೈಪು ಮಾಡಿಯೇ ಹುಡುಕಬೇಕು. ಒಂದು ಸಲ ಹುಡುಕಿ ಸಿಗಲಿಲ್ಲವೆಂದರೆ ಆ ಮಾತು ಆಡಿಯೇ ಇಲ್ಲ ಎಂದು ತೀರ್ಮಾನಿಸುವುದು ದುಡುಕಾಗುತ್ತದೆ.

ಮಾತುಗಳಲ್ಲೂ ಬಗೆಗಳಿವೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಯಲ್ಲೇ ಉತ್ತರಿಸಬೇಕು. ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಲೋಕಸಭೆಯಲ್ಲಿ ದಿನಕ್ಕೆ ಇಂಥವು 20. ಚುಕ್ಕೆ ರಹಿತ ಪ್ರಶ್ನೆಗೆ ಲಿಖಿತ ಉತ್ತರ, ದಿನಕ್ಕೆ 230ರವರೆಗೆ. ಸ್ಥಳೀಯ ಸಮಸ್ಯೆಗಳನ್ನು ಸದಸ್ಯರು ಶೂನ್ಯ ವೇಳೆಯಲ್ಲಿ, ಲೋಕಸಭೆಯ 377ನೇ ನಿಯಮದಡಿ ಅಥವಾ ರಾಜ್ಯಸಭೆಯ ವಿಶೇಷ ಪ್ರಸ್ತಾಪದಲ್ಲಿ ಎತ್ತುತ್ತಾರೆ. ರೈಲು, ರಸ್ತೆ, ಭಾಷೆ ಮುಂತಾದ ಸಂಗತಿಗಳು ಹೆಚ್ಚಾಗಿ ಸಿಗುವುದು ಇಲ್ಲಿಯೇ.

ಶಿವಾಲದ ಮತದಾರನಿಗೆ ಈ ವ್ಯತ್ಯಾಸ ಗೊತ್ತಿರಲೇಬೇಕು. ವಾರಾಣಸಿಯನ್ನು 1952ರಿಂದ ಮೂರು ಅವಧಿಗೆ ರಘುನಾಥ ಸಿಂಗ್, 1967ರಲ್ಲಿ ಸತ್ಯನಾರಾಯಣ ಸಿಂಗ್, 1980ರಲ್ಲಿ ಕಮಲಾಪತಿ ತ್ರಿಪಾಠಿ, 1989ರಲ್ಲಿ ಅನಿಲ್ ಶಾಸ್ತ್ರಿ, 2004ರಲ್ಲಿ ರಾಜೇಶ್ ಕುಮಾರ್ ಮಿಶ್ರಾ, 2009ರಲ್ಲಿ ಮುರಳಿ ಮನೋಹರ ಜೋಶಿ ಹೀಗೆ ಹಲವು ಪಕ್ಷಗಳವರು ಪ್ರತಿನಿಧಿಸಿದ್ದಾರೆ. 2014ರಿಂದ ಪ್ರಧಾನಿ ನರೇಂದ್ರ ಮೋದಿ ಅವರೇ ಅಲ್ಲಿನ ಸಂಸದರು. ಈಗ ಸದಸ್ಯರ ಹೆಸರು ಹಾಕಿ ವಾರಾಣಸಿಯ ಪ್ರಶ್ನೆಗಳನ್ನು ಹುಡುಕಿದರೆ ಒಂದೂ ಸಿಗುವುದಿಲ್ಲ. ಕಾರಣ ಸರಳ. ಸಚಿವರು ಪ್ರಶ್ನೆಗೆ ಉತ್ತರಿಸುವವರು, ಕೇಳುವವರಲ್ಲ. ಹಾಜರಿ ಪುಸ್ತಕಕ್ಕೂ ಅವರು ಸಹಿ ಹಾಕಬೇಕಾಗಿಲ್ಲ. ಆದ್ದರಿಂದ ಅಲ್ಲಿ ಹೆಸರಿನ ಬದಲು ವಿಷಯ ಹಿಡಿದು ಹುಡುಕಬೇಕು. ಗಂಗೆ, ಘಾಟ್, ಚರಂಡಿ ನೀರು ಎಂದು ಹುಡುಕಿದರೆ ಬೇರೆ ಬೇರೆ ರಾಜ್ಯಗಳ ಸದಸ್ಯರು ಕೇಳಿದ ಪ್ರಶ್ನೆಗಳೂ ಸರಕಾರದ ಉತ್ತರಗಳೂ ಹೊರಬರುತ್ತವೆ. ಪ್ರಶ್ನೆಗಳ ಸಂಖ್ಯೆಯನ್ನಷ್ಟೇ ಎಣಿಸಿ ಒಬ್ಬರನ್ನು ಹೊಗಳುವುದು, ಇನ್ನೊಬ್ಬರನ್ನು ತೆಗಳುವುದು ನ್ಯಾಯವಲ್ಲ.

ಎರಡು ಉದಾಹರಣೆ

ಮೊದಲನೆಯದು ಗಂಗೆ. 1986ರ ಜೂನ್ 14ರಂದು ಪ್ರಧಾನಿ ರಾಜೀವ್ ಗಾಂಧಿ ಗಂಗಾ ಕ್ರಿಯಾ ಯೋಜನೆಗೆ ಚಾಲನೆ ಕೊಟ್ಟದ್ದು ಇದೇ ಕಾಶಿಯ ಘಾಟ್‌ನಲ್ಲಿ. ಆ ಯೋಜನೆಯಡಿ ದೀನಾಪುರದಲ್ಲಿ ದಿನಕ್ಕೆ 8 ಕೋಟಿ ಲೀಟರ್ ಕೊಳಚೆ ನೀರು ಶುದ್ಧೀಕರಿಸುವ ಘಟಕ ಬಂತು. 2018ರ ನವೆಂಬರ್‌ನಲ್ಲಿ ಅಲ್ಲೇ 14 ಕೋಟಿ ಲೀಟರಿನ ಇನ್ನೊಂದು ಘಟಕ ಉದ್ಘಾಟನೆಯಾಯಿತು. ನಡುವೆ 2014ರಲ್ಲಿ 20,000 ಕೋಟಿ ರೂಪಾಯಿಯ ನಮಾಮಿ ಗಂಗೆ ಘೋಷಣೆಯಾಯಿತು. 2017ರ ಡಿಸೆಂಬರ್‌ನಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ, ಮಂಜೂರಾದ ಹಣ ಪೂರ್ತಿ ಬಳಕೆಯಾಗದಿರುವುದನ್ನು ಎತ್ತಿ ತೋರಿಸಿತು. ಒಂದೊಂದೇ ಸುದ್ದಿಯಾಗಿ ಓದಿದರೆ ಪ್ರತಿ ಸಲವೂ ಗಂಗೆ ಇನ್ನೇನು ಶುದ್ಧವಾಗಿಯೇಬಿಡುತ್ತದೆ ಎನಿಸುತ್ತದೆ. ಮೂವತ್ತು-ನಲವತ್ತು ವರ್ಷಗಳ ಉತ್ತರಗಳನ್ನು ಸಾಲಾಗಿ ಇಟ್ಟು ಓದಿದರೆ ಎಷ್ಟು ಕೆಲಸವಾಯಿತು, ಯಾವ ಮಾತು ಹಾಗೆಯೇ ಉಳಿಯಿತು ಎಂಬುದು ಲೆಡ್ಜರಿನ ಬಾಕಿಯಂತೆ ಎದ್ದು ಕಾಣುತ್ತದೆ. ಮನೆಯ ಮೆಟ್ಟಿಲಿಳಿದರೆ ಗಂಗೆ ಎನ್ನುವ ಶಿವಾಲದವರಿಗೆ ಇದು ನಿತ್ಯದ ಸ್ನಾನದ, ಮಕ್ಕಳ ಆರೋಗ್ಯದ ಪ್ರಶ್ನೆ.

ಎರಡನೆಯದು ತುಳು. ತುಳುವನ್ನು ಎಂಟನೇ ಪರಿಚ್ಛೇದಕ್ಕೆ ಸೇರಿಸಬೇಕೆಂದು ಮುಂಬಯಿಯ ವೇದಿಕೆಗಳಲ್ಲಿ ಎಷ್ಟು ಸಲ ಠರಾವು ಆಗಿದೆಯೋ ಲೆಕ್ಕವಿಲ್ಲ. ಸಂಸತ್ತಿನಲ್ಲಿಯೂ ಈ ಪ್ರಶ್ನೆ ಮತ್ತೆ ಮತ್ತೆ ಬಂದಿದೆ. ಗೃಹ ಇಲಾಖೆಯ ಉತ್ತರಗಳನ್ನು ಒಟ್ಟಿಗೆ ಇಟ್ಟು ಓದಿದರೆ ಒಂದೇ ಅಚ್ಚಿನಿಂದ ತೆಗೆದಂತಿವೆ. ತುಳು, ಕೊಡವ ಸಹಿತ 38 ಭಾಷೆಗಳಿಂದ ಬೇಡಿಕೆ ಇದೆ. 1996ರ ಪಹ್ವಾ ಸಮಿತಿ ಮತ್ತು 2003ರ ಸೀತಾಕಾಂತ ಮಹಾಪಾತ್ರ ಸಮಿತಿ ಮಾನದಂಡ ರೂಪಿಸಲು ಯತ್ನಿಸಿದರೂ ಫಲ ಸಿಗಲಿಲ್ಲ. ಭಾಷೆಗಳ ಬೆಳವಣಿಗೆ ನಿರಂತರವಾದ್ದರಿಂದ ಮಾನದಂಡ ಗೊತ್ತುಪಡಿಸುವುದು ಕಷ್ಟ. ಇಂತಿಷ್ಟೇ ಸಮಯದಲ್ಲಿ ತೀರ್ಮಾನಿಸುತ್ತೇವೆ ಎನ್ನಲಾಗದು. ಇಷ್ಟೇ ಉತ್ತರ. ಸರಕಾರ ಬದಲಾದರೂ ಉತ್ತರ ಬದಲಾಗಿಲ್ಲ. ಹೀಗಿದ್ದರೂ ಬೋಡೊ, ಡೋಗ್ರಿ, ಮೈಥಿಲಿ, ಸಂತಾಲಿ ಭಾಷೆಗಳು 2003ರ ತಿದ್ದುಪಡಿಯಲ್ಲಿ ಪರಿಚ್ಛೇದ ಸೇರಿದವು. ಮಾನದಂಡವಿಲ್ಲದೆಯೇ ನಾಲ್ಕು ಭಾಷೆಗಳಿಗೆ ಬಾಗಿಲು ತೆರೆಯಿತೆಂದಾದರೆ ತುಳುವಿಗೆ ಮಾತ್ರ ಮಾನದಂಡದ ಮಾತು ಏಕೆ? ಸಂಸದರನ್ನು ಕೇಳಬೇಕಾದ ಪ್ರಶ್ನೆ ಇದು. ಹಳೆಯ ಉತ್ತರ ಓದದೆ ಹೊಸ ಮನವಿ ಕೊಟ್ಟರೆ ಮತ್ತೆ ಅದೇ ಉತ್ತರ ಬರುತ್ತದೆ.

ಕಡತದಲ್ಲಿ ಇಲ್ಲದ್ದು

ದಾಖಲೆಗೂ ಮಿತಿಗಳಿವೆ ಎಂಬುದನ್ನು ಮರೆಯಬಾರದು. ಅಸಂಸದೀಯ ಮಾತನ್ನು ಲೋಕಸಭೆಯ 380ನೇ ನಿಯಮದಂತೆ ಸಭಾಧ್ಯಕ್ಷರು ಕಡತದಿಂದ ತೆಗೆಸಬಹುದು; ಆ ಜಾಗದಲ್ಲಿ ನಕ್ಷತ್ರ ಚಿಹ್ನೆ ಉಳಿಯುತ್ತದೆ. ಗದ್ದಲದ ಮಾತು ‘ವ್ಯವಧಾನ’ ಎಂಬ ಒಂದೇ ಪದದಲ್ಲಿ ಮುಳುಗುತ್ತದೆ. ಮೊದಲು ಹೊರಬರುವುದು ತಿದ್ದದ ಪ್ರತಿ. ಅಕ್ಷರದೋಷ ಸರಿಪಡಿಸಿದ ಪ್ರತಿ ನಂತರ ಬರುತ್ತದೆ. ಹಾಗಿದ್ದರೂ ವಾಟ್ಸಾಪಿನಲ್ಲಿ ಹರಿದಾಡುವ ಅರ್ಧ ನಿಮಿಷದ ತುಣುಕಿಗಿಂತ ನಡಾವಳಿ ಎಷ್ಟೋ ಪಾಲು ನಂಬಲರ್ಹ. ತುಣುಕಿನಲ್ಲಿ ಮಾತಿನ ಹಿಂದೆ ಏನಿತ್ತು, ಮುಂದೆ ಏನಿತ್ತು ಎಂಬುದಿರುವುದಿಲ್ಲ. ನಡಾವಳಿಯಲ್ಲಿ ಎರಡೂ ಇರುತ್ತವೆ. ಸಂಸದರೊಬ್ಬರು ಹೀಗೆಂದರು ಎಂದು ಸಿಟ್ಟಿನಿಂದ ಮುಂದೂಡುವ ಮೊದಲು ದಿನಾಂಕ ಹಾಕಿ ಒಮ್ಮೆ ನೋಡುವ ತಾಳ್ಮೆ ಬಂದರೆ ಎಷ್ಟೋ ಜಗಳಗಳು ಹುಟ್ಟುವ ಮೊದಲೇ ತಣ್ಣಗಾದಾವು.

ಅಷ್ಟೇ ಮುಖ್ಯವಾದ ಇನ್ನೊಂದು ಬಾಗಿಲು ಸರಕಾರಿ ಭರವಸೆಗಳ ಸಮಿತಿ. ಲೋಕಸಭೆಯಲ್ಲಿ ಇದು 1953ರಿಂದ, ರಾಜ್ಯಸಭೆಯಲ್ಲಿ 1972ರಿಂದ ಇದೆ. ‘ಪರಿಶೀಲಿಸಲಾಗುವುದು’, ‘ಮಾಹಿತಿ ಸಂಗ್ರಹಿಸಿ ಸದನದ ಮುಂದೆ ಇಡಲಾಗುವುದು’ ಎಂದು ಸಚಿವರು ಹೇಳಿದರೆ ಅದು ಭರವಸೆ ಎಂದು ನಮೂದಾಗುತ್ತದೆ. ಮೂರು ತಿಂಗಳೊಳಗೆ ಈಡೇರಿಸಬೇಕು, ಇಲ್ಲವೇ ಹೆಚ್ಚಿನ ಸಮಯ ಕೇಳಬೇಕು. ವೇದಿಕೆಯ ಭರವಸೆಯನ್ನು ಕೇಳುವವರಿಲ್ಲ, ಸದನದ ಭರವಸೆಯನ್ನು ಬೆನ್ನಟ್ಟಲು ಒಂದು ಸಮಿತಿಯೇ ಇದೆ. ಜಾಣ ಸಂಘದವರು ಮುಖ್ಯ ಅತಿಥಿಗಳಿಂದ ವೇದಿಕೆಯ ಭರವಸೆ ಕೇಳುವ ಬದಲು, ಸದನದಲ್ಲಿ ಒಂದು ಪ್ರಶ್ನೆ ಹಾಕಿ ಎಂದು ಕೇಳುವುದು ಲಾಭ.

ಸಂಘಗಳು ಮಾಡಬಹುದಾದದ್ದು

ಹೊರನಾಡ ಕನ್ನಡಿಗರಿಗೆ ಈ ಕೆಲಸ ಇನ್ನೂ ಹೆಚ್ಚು ಅಗತ್ಯ. ಕಾಶಿಯ ಕನ್ನಡಿಗನಿಗೆ ಓಟು ಉತ್ತರ ಪ್ರದೇಶದಲ್ಲಿ, ಮುಂಬಯಿಯವನಿಗೆ ಮಹಾರಾಷ್ಟ್ರದಲ್ಲಿ. ಅಲ್ಲಿನ ಸಂಸದರಿಗೆ ಕನ್ನಡಿಗರು ಕೆಲವೇ ಓಟುಗಳು. ಕರ್ನಾಟಕದ ಸಂಸದರಿಗೆ ಅವರು ಓಟೇ ಅಲ್ಲ. ಎರಡೂ ಕಡೆ ಲೆಕ್ಕಕ್ಕೆ ಸಿಗದ ಇಂಥವರ ಕೈಯಲ್ಲಿ ಬಲವಿರುವುದಾದರೆ ಅದು ದಾಖಲೆಯ ಬಲ ಮಾತ್ರ. ಇಂಥ ದಿನ ಇಂಥ ಸಂಖ್ಯೆಯ ಪ್ರಶ್ನೆಗೆ ಸರಕಾರ ಹೀಗೆ ಉತ್ತರಿಸಿದೆ ಎಂದು ಬರೆದ ಮನವಿಯ ತೂಕವೇ ಬೇರೆ. ಬರೀ ‘ಕನ್ನಡಿಗರ ಬಹುದಿನಗಳ ಬೇಡಿಕೆ’ ಎಂದು ಬರೆದ ಮನವಿ ಕಚೇರಿಯ ಕಪಾಟಿಗೆ ಹೋಗುತ್ತದೆ.

ಇದಕ್ಕೆ ದೊಡ್ಡ ಖರ್ಚಿಲ್ಲ. ಪ್ರತಿ ಸಂಘವೂ ಇಬ್ಬರು ಕಾಲೇಜು ವಿದ್ಯಾರ್ಥಿಗಳನ್ನೂ ಒಬ್ಬ ನಿವೃತ್ತರನ್ನೂ ಈ ಕೆಲಸಕ್ಕೆ ಗೊತ್ತುಮಾಡಲಿ. ಬಜೆಟ್, ಮಳೆಗಾಲ, ಚಳಿಗಾಲದ ಅಧಿವೇಶನಗಳು ಮುಗಿದ ಮೇಲೆ ತಮ್ಮ ಕ್ಷೇತ್ರದ ಸಂಸದರು ಏನು ಕೇಳಿದರು, ಕನ್ನಡ-ತುಳು-ಕೊಡವದ ಬಗ್ಗೆ, ಊರಿನ ರೈಲಿನ ಬಗ್ಗೆ ಸರಕಾರ ಏನು ಹೇಳಿತು ಎಂದು ಒಂದು ಪುಟದ ಟಿಪ್ಪಣಿ ಬರೆಯಲಿ. ಸಂಘದ ನೋಟೀಸು ಬೋರ್ಡಿಗೆ ಅದನ್ನು ಹಚ್ಚಲಿ. ಮುಂದಿನ ವಾರ್ಷಿಕೋತ್ಸವಕ್ಕೆ ಸಂಸದರು ಬಂದಾಗ ಶಾಲು, ಸ್ಮರಣಿಕೆಗಳ ಜೊತೆ ಆ ಟಿಪ್ಪಣಿಯ ಒಂದು ಪ್ರತಿಯನ್ನೂ ವಿನಯಪೂರ್ವಕ ಕೊಡಲಿ. ಒಳ್ಳೆಯ ಕೆಲಸ ಮಾಡಿದವರಿಗೆ ಅದಕ್ಕಿಂತ ದೊಡ್ಡ ಸನ್ಮಾನವಿಲ್ಲ. ಮಾಡದವರಿಗೆ ಅದಕ್ಕಿಂತ ಒಳ್ಳೆಯ ನೆನಪೋಲೆಯಿಲ್ಲ.

ಶಿವಾಲದಲ್ಲಿ ನಡೆದದ್ದನ್ನು ದೂರದ ಲಂಡನ್ನಿನಲ್ಲಿ ಚರ್ಚಿಸಿದಾಗ ಶಿವಾಲದ ಜನರಿಗೆ ಅದನ್ನು ಓದುವ ದಾರಿಯೇ ಇರಲಿಲ್ಲ. ಇಂದು ಅದೇ ಶಿವಾಲದ ಗಲ್ಲಿಯಲ್ಲಿ ಮೊಬೈಲ್ ಹಿಡಿದ ಹುಡುಗಿ ದೆಹಲಿಯಲ್ಲಿ ನಿನ್ನೆ ಆಡಿದ ಮಾತನ್ನು ಇಂದು ಓದಬಲ್ಲಳು. ಬಾಗಿಲು ತೆರೆದಿದೆ, ಬೀಗವಿಲ್ಲ, ಶುಲ್ಕವಿಲ್ಲ. ಪಾಸ್‌ಬುಕ್ ಮನೆಯಲ್ಲಿಟ್ಟುಕೊಂಡು ಎಂಟ್ರಿ ನೋಡದವನು ಮುಂದೊಂದು ದಿನ ಬಾಕಿ ಕಡಿಮೆಯಾಯಿತೆಂದು ದೂರಿದರೆ ಕೇಳುವವರಿಲ್ಲ. ಓಟು ಹಾಕಿ ಬಂದು ಬೆರಳಿನ ಶಾಯಿ ಅಳಿಸುವವರೆಗೆ ಮಾತ್ರ ಮತದಾರನಾಗಿರದೆ, ಐದು ವರ್ಷವೂ ಲೆಕ್ಕ ನೋಡುವವನೇ ನಿಜವಾದ ಖಾತೆದಾರ. ಕನ್ನಡ ಸಂಘ-ಸಂಸ್ಥೆಗಳು ಬರುವ ಅಧಿವೇಶನದಿಂದಲೇ ಈ ಕೆಲಸಕ್ಕೆ ಕೈಹಚ್ಚಲಿ.